ಕುದುರೆ ಲಾಯದಲ್ಲಿ ಬಿರಿದ ತೋಟಾ: ಹಿತ್ತಾಳೆಯ ಒಂದು ಚರಿತ್ರೆ

ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆಗೆ ಒಂದು ವಿಚಿತ್ರ ತೊಂದರೆ ಎದುರಾಯಿತು. ಮಳೆಗಾಲ ಬಂದರೆ ದಂಡಿನ ಓಡಾಟ ಕಡಿಮೆ. ಆಗ ರೈಫಲ್ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಹಲವು ತೋಟಾಗಳ ಕತ್ತಿನಲ್ಲಿ ಬಿರುಕು. ಯಾರೂ ಹಾರಿಸಿರಲಿಲ್ಲ, ಇಟ್ಟಲ್ಲೇ ಬಿರಿದಿದ್ದವು.

ಬಿರಿದ ತೋಟಾ ಎಂದರೆ ಯುದ್ಧದಲ್ಲಿ ಕೈಕೊಡುವ ತೋಟಾ. ಹಾಗಾಗಿ ಇದು ಸಣ್ಣ ವಿಷಯವಾಗಿರಲಿಲ್ಲ. ಆದರೂ ಇದರ ಕಾರಣ ಸರಿಯಾಗಿ ಗೊತ್ತಾಗಿದ್ದು 1921ರಲ್ಲಿ. ಆ ಕಾರಣ ನಮ್ಮ ಹಳ್ಳಿಯ ಯಾರಿಗೂ ಹೊಸದಲ್ಲದ ಒಂದು ವಾಸನೆಯಲ್ಲಿತ್ತು. ಅದಕ್ಕೆ ಬರುವ ಮೊದಲು ತೋಟಾಕ್ಕೆ ಹಿತ್ತಾಳೆ ಬಂದ ದಾರಿಯನ್ನು ನೋಡೋಣ.

ಕಾಗದದಿಂದ ಹಿತ್ತಾಳೆಗೆ

1857ರ ತೋಟಾದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಎನ್‌ಫೀಲ್ಡ್ ರೈಫಲ್‌ನ ಕಾಗದದ ತೋಟಾ. ಮದ್ದು ಮತ್ತು ಗುಂಡನ್ನು ಕಾಗದದಲ್ಲಿ ಸುತ್ತಿ, ಜಿಡ್ಡು ಸವರಿರುತ್ತಿದ್ದರು. ಸಿಪಾಯಿ ಅದನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗುಂಡನ್ನು ಸಲಾಕೆಯಿಂದ ಜಡಿಯಬೇಕಿತ್ತು. ಆ ಜಿಡ್ಡು ದನದ್ದು, ಹಂದಿಯದು ಎಂಬ ಮಾತು ಹಬ್ಬಿತು. ಏಪ್ರಿಲ್‌ನಲ್ಲಿ ಮೀರತ್‌ನ 85 ಸವಾರರು ತೋಟಾ ಮುಟ್ಟಲು ಒಪ್ಪಲಿಲ್ಲ. ಮೇ 10ರಂದು ದಂಗೆ ಎದ್ದಿತು.

ಅದಾಗಿ ಹತ್ತು ವರ್ಷದೊಳಗೆ ಕಾಗದದ ಕಾಲ ಮುಗಿಯಿತು. ಹಿಂಬದಿಯಿಂದ ತೋಟಾ ಹಾಕುವ ಕೋವಿಗಳು ಬಂದವು. 1866ರಲ್ಲಿ ಬ್ರಿಟಿಷ್ ಸೇನೆ ಸ್ನೈಡರ್ ರೈಫಲ್ ತೆಗೆದುಕೊಂಡಿತು. ಅದಕ್ಕೆ ಬೇಕಾದ ತೋಟಾ ರೂಪಿಸಿದವರು ವುಲಿಚ್‌ನ ಸೇನಾ ಕಾರ್ಖಾನೆಯ ಅಧಿಕಾರಿ ಎಡ್ವರ್ಡ್ ಬಾಕ್ಸರ್. ಅವರ ತೋಟಾದಲ್ಲಿ ತೆಳು ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿ ಕೊಳವೆ ಮಾಡಿ, ಅದಕ್ಕೆ ಬುಡ ಜೋಡಿಸುತ್ತಿದ್ದರು.

ಈ ಕೊಳವೆಯನ್ನು ನಾವು ಇಲ್ಲಿ ಕವಚ ಎಂದು ಕರೆಯೋಣ. ಅದರ ಕೆಲಸ ಮದ್ದನ್ನು ತುಂಬಿಟ್ಟುಕೊಳ್ಳುವುದಷ್ಟೇ ಅಲ್ಲ. ಬುಡದ ಕೇಪಿಗೆ ಪೆಟ್ಟು ಬಿದ್ದು ಮದ್ದು ಹೊತ್ತಿದಾಗ ಕವಚ ಹಿಗ್ಗಿ ಕೋವಿಯ ಗೋಡೆಗೆ ಒತ್ತಿಕೊಳ್ಳುತ್ತದೆ. ಬಿಸಿ ಹೊಗೆ ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೆ, ಬರದಂತೆ ತಡೆಯುತ್ತದೆ. ಗುಂಡು ಹೊರಟ ತಕ್ಷಣ ಕೂದಲೆಳೆಯಷ್ಟು ಕುಗ್ಗಬೇಕು, ಇಲ್ಲದಿದ್ದರೆ ಒಳಗೇ ಸಿಕ್ಕಿಕೊಳ್ಳುತ್ತದೆ. ನಿಮ್ಮ ಬೈಕ್ ಟಯರಿನ ಗಾಳಿ ಸುಮಾರು 30 ಪಾಯಿಂಟು. ಈಗಿನ ರೈಫಲ್ ತೋಟಾದೊಳಗಿನ ಒತ್ತಡ ಅದೇ ಲೆಕ್ಕದಲ್ಲಿ 50,000ಕ್ಕೂ ಮೇಲೆ ಹೋಗುತ್ತದೆ. ಇಷ್ಟು ಒತ್ತಡಕ್ಕೆ ಹಿಗ್ಗಿ, ಹರಿಯದೆ ಮತ್ತೆ ಕುಗ್ಗಬಲ್ಲ, ಕೈಗೆಟುಕುವ ಬೆಲೆಯ ಲೋಹ ಹಿತ್ತಾಳೆ.

ಕೋವಿ ಕೈಕೊಟ್ಟ ಕಡೆ

ಇದು ಸುಲಭದ ಪಾಠವಾಗಿರಲಿಲ್ಲ. ಅಮೆರಿಕದ ಸೇನೆ ಮೊದಲು ತಾಮ್ರದ ಕವಚ ಬಳಸುತ್ತಿತ್ತು. ತಾಮ್ರ ಮೆತ್ತಗೆ. ಬಿಸಿಯಾದ ಕೋವಿಯಲ್ಲಿ ಹಿಗ್ಗಿ ಅಂಟಿಕೊಳ್ಳುತ್ತಿತ್ತು. ಬ್ರಿಟಿಷರ ಸುರುಳಿ ಹಿತ್ತಾಳೆಯ ಕಷ್ಟ ಬೇರೆ. ಮಾರ್ಟಿನಿ-ಹೆನ್ರಿ ರೈಫಲ್‌ನಲ್ಲಿ ಖಾಲಿ ತೋಟಾವನ್ನು ಹೊರಗೆಳೆಯುವಾಗ ಕೆಲವೊಮ್ಮೆ ಬುಡ ಮಾತ್ರ ಕಿತ್ತು ಬರುತ್ತಿತ್ತು, ಸುರುಳಿ ಒಳಗೇ ಉಳಿಯುತ್ತಿತ್ತು.

1885ರ ಜನವರಿ 17ರಂದು ಸುಡಾನಿನ ಅಬು ಕ್ಲೀ ಎಂಬಲ್ಲಿ ಇದರ ಬೆಲೆ ತೆರಬೇಕಾಯಿತು. ಖಾರ್ಟೂಮ್‌ನಲ್ಲಿ ಸಿಕ್ಕಿಬಿದ್ದಿದ್ದ ಜನರಲ್ ಗಾರ್ಡನ್‌ನನ್ನು ಬಿಡಿಸಲು ಒಂಟೆಗಳ ಮೇಲೆ ಹೊರಟ ಪಡೆ ಮರಳುಗಾಡಿನಲ್ಲಿ ಚೌಕಾಕಾರ ನಿಂತಿತ್ತು. ಮಹದಿಯ ಸೈನಿಕರು ನುಗ್ಗಿ ಬಂದರು. ಬಿಸಿಲು, ಮರಳು, ಹರಿಯುವ ತೋಟಾ ಸೇರಿ ಅನೇಕರ ರೈಫಲ್‌ಗಳು ಸಿಕ್ಕಿಕೊಂಡವು. ಕೆಲವೇ ನಿಮಿಷದ ಕಾದಾಟದಲ್ಲಿ 70ಕ್ಕೂ ಹೆಚ್ಚು ಬ್ರಿಟಿಷರು ಸತ್ತರು. ಎದುರಿನವರಲ್ಲಿ ಸತ್ತವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಆಮೇಲೆ ಸುರುಳಿ ಕವಚ ಹೋಗಿ, ಒಂದೇ ತುಂಡು ಹಿತ್ತಾಳೆಯಿಂದ ಎಳೆದು ಮಾಡಿದ ಕವಚ ಬಂತು. 70 ಪಾಲು ತಾಮ್ರ, 30 ಪಾಲು ಸತು. ಮೊದಲು ಬಿಲ್ಲೆ, ಬಿಲ್ಲೆಯಿಂದ ಬಟ್ಟಲು, ಬಟ್ಟಲನ್ನು ಅಚ್ಚಿನಲ್ಲಿ ಮತ್ತೆ ಮತ್ತೆ ಎಳೆದರೆ ಉದ್ದ ಕೊಳವೆ. ಪಾತ್ರೆ ಬಡಿಯುವವರಿಗೆ ಇದರ ಗುಟ್ಟು ಗೊತ್ತು. ಹಿತ್ತಾಳೆಯನ್ನು ಬಡಿದಷ್ಟೂ ಅದು ಗಡಸಾಗುತ್ತದೆ, ಇನ್ನೂ ಬಡಿದರೆ ಸೀಳುತ್ತದೆ. ಹಾಗಾಗಿ ನಡುನಡುವೆ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿಕೊಳ್ಳಬೇಕು. ತೋಟಾ ಕಾರ್ಖಾನೆಯಲ್ಲೂ ಪ್ರತಿ ಎಳೆತದ ನಡುವೆ ಇದೇ ಕೆಲಸ.

ಆದರೆ ಕೊನೆಯ ಹಂತದಲ್ಲಿ ಒಂದು ಎಡವಟ್ಟಿತ್ತು. ಗುಂಡು ಕೂರಲೆಂದು ಕವಚದ ಕತ್ತನ್ನು ಒತ್ತಿ ಕಿರಿದು ಮಾಡುತ್ತಾರೆ, ಗುಂಡು ಇಟ್ಟ ಮೇಲೆ ಬಾಯನ್ನು ಬಿಗಿಯುತ್ತಾರೆ. ಆ ಒತ್ತಡದ ಬಿಗುವು ಲೋಹದೊಳಗೇ ಉಳಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ.

ಲಾಯದ ಘಾಟು

ಈಗ ಮಳೆಗಾಲದ ಲಾಯಕ್ಕೆ ಮರಳೋಣ. ಬಿರುಕು ಬಿಟ್ಟಿದ್ದು ಹೆಚ್ಚಾಗಿ ಇದೇ ಕತ್ತಿನಲ್ಲಿ, ಗುಂಡನ್ನು ಬಿಗಿದ ಜಾಗದಲ್ಲಿ.

1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ಸಂಶೋಧಕರು ಇದನ್ನು ಬಿಡಿಸಿದರು. ಲಾಯದಲ್ಲಿ ಕುದುರೆಯ ಗಂಜಲ ಕೊಳೆತು ಅಮೋನಿಯಾ ಏಳುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆ ಬಾಗಿಲು ತೆರೆದರೆ ಮೂಗಿಗೆ ಬಡಿಯುವ, ಕಣ್ಣು ಉರಿಸುವ ಘಾಟು ಅದೇ. ತೇವದ ಗಾಳಿಯಲ್ಲಿ ಈ ಅಮೋನಿಯಾ ಹಿತ್ತಾಳೆಯನ್ನು ಕಚ್ಚುತ್ತದೆ. ಬಿಗುವಿಲ್ಲದ ಹಿತ್ತಾಳೆಗೆ ಮೇಲೆ ಕಲೆಯಾದೀತು, ಅಷ್ಟೇ. ಬಿಗುವಿರುವ ಹಿತ್ತಾಳೆ ಬಿರಿಯುತ್ತದೆ. ಒಳಗಿನ ಬಿಗುವು, ಹೊರಗಿನ ಘಾಟು ಎರಡೂ ಕೂಡಬೇಕು. ಒಂದೇ ಕಾರಣ ಹುಡುಕುತ್ತಿದ್ದವರಿಗೆ ಉತ್ತರ ಸಿಗದೇ ಇದ್ದಿದ್ದು ಇದಕ್ಕೇ.

ಪರಿಹಾರ ಸರಳ. ಕವಚವನ್ನು ಹದವಾಗಿ ಕಾಯಿಸಿದರೆ ಬಿಗುವು ಸಡಿಲವಾಗುತ್ತದೆ, ಬೇಕಾದ ಗಡಸುತನ ಉಳಿಯುತ್ತದೆ. ಕತ್ತನ್ನು ಮಾತ್ರ ಇನ್ನೂ ಸ್ವಲ್ಪ ಮೆತ್ತಗೆ ಮಾಡುತ್ತಾರೆ. ಕೆಲವು ದೇಶಗಳ ಸೇನಾ ತೋಟಾಗಳಲ್ಲಿ ಕತ್ತಿನ ಸುತ್ತ ನೀಲಿ-ಕಂದು ಬಣ್ಣದ ಪಟ್ಟೆ ಕಾಣುತ್ತದೆ. ನೋಡಿದವರು ಹಳೇ ಮಾಲು ಎಂದುಕೊಳ್ಳಬಹುದು. ಅದು ಬೆಂಕಿ ತಾಗಿಸಿದ ಗುರುತು.

ಒಂದೇ ಕವಚ, ನೂರು ಗುಂಡು

ಸೇನೆಗೆ ಕವಚ ಒಡೆಯದಿದ್ದರೆ ಸಾಕಿತ್ತು. ಗುರಿಕಾರರಿಗೆ ಇನ್ನೂ ಹೆಚ್ಚಿನದು ಬೇಕಿತ್ತು. ಪ್ರತಿ ಕವಚವೂ ಇನ್ನೊಂದರಂತೆಯೇ ಇರಬೇಕು.

ಹಾರಿಸಿದ ಕವಚಕ್ಕೆ ಮತ್ತೆ ಕೇಪು, ಮದ್ದು, ಗುಂಡು ತುಂಬಿ ಬಳಸುವ ಪದ್ಧತಿ ಬೆಳೆದಿದ್ದು ಮುಖ್ಯವಾಗಿ ಅಮೆರಿಕದಲ್ಲಿ. ಅಲ್ಲಿನ ಬಯಲಿನ ಬೇಟೆಗಾರರಿಗೆ ಪೇಟೆ ದೂರ, ಹೊಸ ತೋಟಾ ದುಬಾರಿ. ಕೇಪಿನ ವಿಷಯದಲ್ಲಿ ಒಂದು ತಮಾಷೆಯೂ ನಡೆಯಿತು. ಇಂಗ್ಲೆಂಡಿನ ಬಾಕ್ಸರ್ ರೂಪಿಸಿದ ಕೇಪು ಅಮೆರಿಕದಲ್ಲಿ ನಿಂತಿತು, ಅಮೆರಿಕದ ಹೈರಮ್ ಬರ್ಡನ್ ರೂಪಿಸಿದ್ದು ಯುರೋಪಿನಲ್ಲಿ ನಿಂತಿತು. ಬಾಕ್ಸರ್ ಮಾದರಿಯಲ್ಲಿ ಕವಚದ ಬುಡದ ನಡುವೆ ಒಂದೇ ತೂತು. ಸುಟ್ಟ ಕೇಪನ್ನು ಕಡ್ಡಿಯಿಂದ ತಳ್ಳಿ ತೆಗೆಯುವುದು ಸುಲಭ. ಮರುತುಂಬುವ ಹವ್ಯಾಸ ಅಲ್ಲಿ ಹಬ್ಬಲು ಇದೂ ಒಂದು ಕಾರಣ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿನ ಗುರಿ ಸ್ಪರ್ಧೆಗಳಲ್ಲಿ ಕೆಲವರು ಒಂದೇ ಒಂದು ಕವಚ ತರುತ್ತಿದ್ದರು. ಹೊಡೆದ ಮೇಲೆ ಅಲ್ಲೇ ಕೂತು ಅದನ್ನೇ ತುಂಬಿ ಮತ್ತೆ ಹೊಡೆಯುತ್ತಿದ್ದರು. ಎರಡು ಕವಚ ಒಂದೇ ಥರ ಇರುವುದಿಲ್ಲ, ಒಂದೇ ಕವಚವಾದರೆ ಆ ಚಿಂತೆಯೇ ಇಲ್ಲ ಎಂಬುದು ಅವರ ಲೆಕ್ಕ. 1909ರಲ್ಲಿ ಫ್ರಾಂಕ್ಲಿನ್ ಮ್ಯಾನ್ ಎಂಬ ವೈದ್ಯರು ವರ್ಷಗಟ್ಟಲೆ ಪರೀಕ್ಷೆ ಮಾಡಿ ಗುಂಡಿನ ಹಾರಾಟದ ಮೇಲೆ ಪುಸ್ತಕವನ್ನೇ ಬರೆದರು.

ಇಂದಿನ ಗುರಿಕಾರರು ಕವಚಗಳನ್ನು ತೂಗಿ ವಿಂಗಡಿಸುತ್ತಾರೆ, ಉದ್ದ ಸಮ ಮಾಡುತ್ತಾರೆ, ಕತ್ತಿನ ದಪ್ಪ ಸುತ್ತಲೂ ಒಂದೇ ಇರುವಂತೆ ಹೆರೆಯುತ್ತಾರೆ. ಕಾರಣ ಇಷ್ಟೇ: ಒಂದು ಕತ್ತು ಗುಂಡನ್ನು ಬಿಗಿಯಾಗಿ, ಇನ್ನೊಂದು ಸಡಿಲವಾಗಿ ಹಿಡಿದರೆ ಎರಡು ಗುಂಡುಗಳ ವೇಗ ಬೇರೆಯಾಗುತ್ತದೆ, ದೂರದ ಗುರಿಯಲ್ಲಿ ಒಂದು ಮೇಲೆ, ಒಂದು ಕೆಳಗೆ ಬೀಳುತ್ತದೆ. ಹೊಡೆದಾಗ ಹಿಗ್ಗಿ, ಮರುತುಂಬುವಾಗ ಕುಗ್ಗಿ, ಕತ್ತು ಸಲ ಸಲಕ್ಕೂ ಗಡಸಾಗುತ್ತದೆ. ಹಾಗಾಗಿ ಅದನ್ನು ಆಗಾಗ ಕಾಯಿಸಿ ಮೆತ್ತಗೆ ಮಾಡುತ್ತಾರೆ. ಲಾಯದ ಬಿರುಕಿಗೆ ಹುಡುಕಿದ ಮದ್ದೂ ಇದೇ ಬೆಂಕಿಯ ಹದದಲ್ಲಿತ್ತು. ಬುಡಕ್ಕೆ ಮಾತ್ರ ಬಿಸಿ ತಾಗಬಾರದು. ಒತ್ತಡ ತಡೆಯುವುದು ಗಡಸು ಬುಡ. ಅದು ಮೆತ್ತಗಾದರೆ ಕೋವಿ ಹಿಡಿದವನ ಕೈ, ಕಣ್ಣಿಗೇ ಅಪಾಯ.

ನಮ್ಮ ಕಡೆ

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಮೊಬೈಲಿನಲ್ಲಿ ಹೊರದೇಶದವರು ಮನೆಯಲ್ಲೇ ತುಂಬುವ ವಿಡಿಯೊ ನೋಡಿ ಕೈ ಹಾಕಬೇಡಿ.

ಲಾಯದ ಪಾಠ ಮಾತ್ರ ಕೋವಿ ಇಲ್ಲದವರಿಗೂ ಬೇಕು. ಅಮೋನಿಯಾ ಬಳಸುವ ಶೀತಲ ಗೃಹಗಳಲ್ಲಿ ತಾಮ್ರ, ಹಿತ್ತಾಳೆಯ ಪೈಪು ಹಾಕುವುದಿಲ್ಲ, ಉಕ್ಕಿನದೇ ಹಾಕುತ್ತಾರೆ. ನಮ್ಮ ಮನೆಗಳಲ್ಲೂ ಹಿತ್ತಾಳೆಯ ವಾಲ್ವು, ನಲ್ಲಿ, ಪಂಪಿನ ಬಿಡಿಭಾಗಗಳನ್ನು ಜಾಗ ಸಿಕ್ಕಿತೆಂದು ಕೊಟ್ಟಿಗೆ ಮೂಲೆಯಲ್ಲಿ ಮಳೆಗಾಲವಿಡೀ ಬಿಡುವವರಿದ್ದಾರೆ. ಎತ್ತಿ ಒಣ ಜಾಗದಲ್ಲಿಡಿ. ಈಗಾಗಲೇ ಇಟ್ಟಿದ್ದರೆ, ಬಳಸುವ ಮುನ್ನ ಬಿಗಿಯಾಗಿ ತಿರುಗಿಸಿದ ಜಾಗದಲ್ಲಿ ಗೆರೆ ಬಿಟ್ಟಿದೆಯೇ ನೋಡಿ.