1933 ಮತ್ತು 1943: ರಾಜೇಶ್ವರಿ ಚಟರ್ಜಿ ಅವರ ಗಣಿತ ಪದವಿಯ ಕುರಿತು ಒಂದು ತಕರಾರು

ರಾಜೇಶ್ವರಿ ಚಟರ್ಜಿ ಅವರ ಬಗ್ಗೆ ಬರುವ ಪರಿಚಯ ಬರಹಗಳಲ್ಲಿ ಎರಡು ಮಾತು ತಪ್ಪದೆ ಇರುತ್ತವೆ. ಅವರು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂಬುದು ಒಂದು. ಹೆಣ್ಣೆಂಬ ಒಂದೇ ಕಾರಣಕ್ಕೆ ಭೌತವಿಜ್ಞಾನಿ ಸಿ.ವಿ. ರಾಮನ್ ರಾಜೇಶ್ವರಿಯವರನ್ನು ಶಿಷ್ಯೆಯಾಗಿ ಸೇರಿಸಿಕೊಳ್ಳಲಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಆಕ್ಷೇಪವಿಲ್ಲ. ಎರಡನೆಯದನ್ನು ಹೇಳುತ್ತಿರುವ ರೀತಿಗೆ ಇದೆ. ರಾಮನ್ ಪರವಾಗಿ ವಕಾಲತ್ತು ಹಾಕಲು ನಾನು ಹೊರಟಿಲ್ಲ. ಅವರ ನಡವಳಿಕೆಯ ಬಗ್ಗೆ ಹೇಳಬೇಕಾದ್ದನ್ನು ಮುಂದೆ ಹೇಳುತ್ತೇನೆ. ಆದರೆ ಈ ಪ್ರಸಂಗವನ್ನು ಸಡಿಲವಾಗಿ ಓದಿದ್ದರಿಂದ ರಾಜೇಶ್ವರಿಯವರ ಗಣಿತವೇ ಅವರ ಜೀವನಚರಿತ್ರೆಯಿಂದ ಜಾರಿಹೋಗಿದೆ.

ಗೊಂದಲ ಎಲ್ಲಿಂದ ಬಂತೆಂದು ನಮ್ಮ ಕಡೆಯವರಿಗೆ ಬೇಗ ಗೊತ್ತಾಗುತ್ತದೆ. ಕೊಲ್ಹಾಪುರ, ಗಡಹಿಂಗ್ಲಜ, ನೇಸರಿ ಭಾಗದ ಕನ್ನಡಿಗರು ಮರಾಠಿಯನ್ನೂ ಓದಿಕೊಂಡು ಬೆಳೆದವರು. ಮರಾಠಿ ಲೇಖಕಿ ದುರ್ಗಾ ಭಾಗವತರನ್ನು ಓದಿದವರಿಗೆ ಅವರ ತಂಗಿ ಕಮಲಾ ಸೋಹೋನಿಯವರ ಕಥೆ ಹೊಸದಲ್ಲ. ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಓದಿದ್ದ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ (ಭಾರತೀಯ ವಿಜ್ಞಾನ ಸಂಸ್ಥೆ) ಕಮಲಾ 1933ರಲ್ಲಿ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ರಾಮನ್ ಹೆಣ್ಣೆಂದು ತಿರಸ್ಕರಿಸಿದರು. ಕಮಲಾ ಪಟ್ಟು ಬಿಡದೆ ಕುಳಿತ ಮೇಲೆ, ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನೊಂದಿಗೆ ಸೇರಿಸಿಕೊಂಡರು. ಇದು ಸ್ಪಷ್ಟವಾದ ಅನ್ಯಾಯ, ಇದರಲ್ಲಿ ಎರಡು ಮಾತಿಲ್ಲ. ರಾಜೇಶ್ವರಿಯವರ ಕಥೆಯನ್ನೂ ಇದೇ ಅಚ್ಚಿನಲ್ಲಿ ಎರಕ ಹೊಯ್ದಿರುವುದೇ ತಪ್ಪು.

1943ರ ಸಂಗತಿ ಬೇರೆ. ರಾಜೇಶ್ವರಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್, ಬಳಿಕ ಎಂ.ಎಸ್ಸಿ. ಮಾಡಿದವರು, ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್. ಆಮೇಲೆ ರಾಮನ್ ಬಳಿ ಸಂಶೋಧನೆ ಮಾಡಬಯಸಿದರು. ಆಭಾ ಸುರ್ ತಮ್ಮ ‘ಡಿಸ್ಪರ್ಸ್ಡ್ ರೇಡಿಯನ್ಸ್’ ಗ್ರಂಥದಲ್ಲಿ ಹೇಳುವಂತೆ, ಭೌತಶಾಸ್ತ್ರದ ಪದವಿ ಇಲ್ಲವೆಂಬ ಕಾರಣ ಕೊಟ್ಟು ರಾಮನ್ ನಿರಾಕರಿಸಿದರು. ವಿದ್ಯಾರ್ಥಿನಿಯರ ಬಗ್ಗೆ ರಾಮನ್‌ಗೆ ಇದ್ದ ಹಿಂಜರಿಕೆಯ ಹಿನ್ನೆಲೆಯಲ್ಲಿ ಸುರ್ ಇದನ್ನು ಇಟ್ಟು ನೋಡುತ್ತಾರೆ. ಅವರ ಪುಸ್ತಕ ಜವಾಬ್ದಾರಿಯಿಂದ ಬರೆದದ್ದು, ಅದಕ್ಕೆ ನಾನು ಋಣಿ. ಅದನ್ನು ತೆರೆಯದೆ, ಅದರ ಸಾರಾಂಶದ ಸಾರಾಂಶವನ್ನು ನಕಲಿಸಿದವರ ಕೈಯಲ್ಲಿ ‘ಪದವಿ ಇಲ್ಲ’ ಎಂಬ ಭಾಗ ಬಿದ್ದುಹೋಗಿ ‘ಹೆಣ್ಣು’ ಎಂಬ ಭಾಗವಷ್ಟೇ ಉಳಿಯಿತು.

ಕಾಲವನ್ನೇ ಮೊದಲು ನೋಡಿ. 1933ರಲ್ಲಿ ರಾಮನ್ ಇಡೀ ಸಂಸ್ಥೆಯ ಬಾಗಿಲು ಮುಚ್ಚಬಲ್ಲ ನಿರ್ದೇಶಕ. 1937ರಲ್ಲಿ ಆ ಹುದ್ದೆ ಹೋಯಿತು. 1943ರಲ್ಲಿ ಅವರು ಒಂದು ವಿಭಾಗದ ಪ್ರಾಧ್ಯಾಪಕರು ಮಾತ್ರ. ಅವರು ಒಲ್ಲೆ ಎಂದ ವರ್ಷವೇ ಅದೇ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗ ರಾಜೇಶ್ವರಿಯವರನ್ನು ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡಿತು. ಇನ್ನೂ ಮುಖ್ಯವಾದದ್ದು, ಅಷ್ಟು ಹೊತ್ತಿಗೆ ರಾಮನ್ ಪ್ರಯೋಗಾಲಯದಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡಿದ್ದರು: ಲಲಿತಾ ದೊರೈಸ್ವಾಮಿ, ಸುನಂದಾ ಬಾಯಿ, ಅಣ್ಣಾ ಮಣಿ. ಅಣ್ಣಾ ಮಣಿ 1942ರಿಂದ 1945ರೊಳಗೆ ವಜ್ರ ಮತ್ತು ಮಾಣಿಕ್ಯದ ಬೆಳಕಿನ ಬಗ್ಗೆ ಒಬ್ಬರೇ ಐದು ಪ್ರಬಂಧ ಪ್ರಕಟಿಸಿದರು. ಹೆಣ್ಣೆಂಬುದೊಂದೇ ಕಾರಣವಾಗಿದ್ದರೆ ಇವರು ಒಳಗೆ ಬಂದದ್ದು ಹೇಗೆ?

ಜಿ.ಎನ್. ರಾಮಚಂದ್ರನ್ ಅವರ ಉದಾಹರಣೆಯನ್ನೂ ಇಲ್ಲಿ ಇಡಬೇಕು, ಇದುವರೆಗೆ ಯಾರೂ ಇಟ್ಟದ್ದನ್ನು ನಾನು ನೋಡಿಲ್ಲ. ಅವರು 1942ರಲ್ಲಿ ಸಂಸ್ಥೆಗೆ ಬಂದದ್ದು ವಿದ್ಯುತ್ ವಿಭಾಗಕ್ಕೆ. ಈ ಹುಡುಗ ಎಂಜಿನಿಯರಿಂಗ್‌ನಲ್ಲಿ ಇರತಕ್ಕವನಲ್ಲ ಎಂದು ರಾಮನ್ ತಾವೇ ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಮರುವರ್ಷ, ಭೌತಶಾಸ್ತ್ರ ಬೇಕೆಂದು ಬಂದ ಹುಡುಗಿ ಅದೇ ವಿದ್ಯುತ್ ವಿಭಾಗಕ್ಕೆ ಹೋದರು. ಕೊಂಡಿ ಬಲವಾಗಿ ಕಾಣುತ್ತದೆ. ಆದರೆ ರಾಮಚಂದ್ರನ್ ತಿರುಚಿರಾಪಳ್ಳಿಯಲ್ಲಿ ಭೌತಶಾಸ್ತ್ರದ ಆನರ್ಸ್ ಓದಿ ಬಂದವರು ಎಂಬುದನ್ನು ಬಿಟ್ಟು ಈ ಹೋಲಿಕೆ ಮಾಡುವುದು ಪ್ರಾಮಾಣಿಕವಲ್ಲ. ಪದವಿಯ ಮಾತು ಬರೀ ನೆವವಾಗಿರಲಿಲ್ಲ ಎಂಬುದಕ್ಕೆ ಈ ಪ್ರಸಂಗವೂ ಸಾಕ್ಷಿ.

ಹಾಗೆಂದು ರಾಮನ್ ನಿರ್ದೋಷಿ ಎಂದು ತೀರ್ಪು ಕೊಡುವವರ ಜೊತೆಗೂ ನಾನಿಲ್ಲ. ಹುಡುಗ ಹುಡುಗಿಯರು ಕೂಡಿ ಓಡಾಡುವುದೇ ಅವರಿಗೆ ಹಿಡಿಸುತ್ತಿರಲಿಲ್ಲ. ಇದರಿಂದ ಸಹೋದ್ಯೋಗಿಗಳೊಡನೆ ಚರ್ಚಿಸಿ ಕಲಿಯುವ ಅವಕಾಶ ಅವರ ಪ್ರಯೋಗಾಲಯದ ಹೆಣ್ಣುಮಕ್ಕಳಿಗೆ ತಪ್ಪಿಹೋಯಿತು. ಪದವಿಯ ನಿಯಮ ಯಾರ ಮೇಲೆ ಎಷ್ಟು ಬಿಗಿಯಾಗಿ ಬೀಳುತ್ತಿತ್ತು ಎಂಬುದನ್ನೂ ಕೇಳಬೇಕು. 1945ರಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸಿದ ಅಣ್ಣಾ ಮಣಿಯವರಿಗೆ, ಎಂ.ಎಸ್ಸಿ. ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಒಬ್ಬರಿಗೆ ಎಂ.ಎಸ್ಸಿ. ಇದ್ದರೂ ವಿಷಯ ಸರಿಯಿಲ್ಲ, ಇನ್ನೊಬ್ಬರಿಗೆ ವಿಷಯ ಸರಿಯಿದ್ದರೂ ಎಂ.ಎಸ್ಸಿ. ಇಲ್ಲ. ನಿಯಮ ಇದ್ದದ್ದು ನಿಜ. ಅದನ್ನು ಸಡಿಲಿಸುವ ಮನಸ್ಸು ಇವರ ವಿಷಯದಲ್ಲಿ ಯಾರಿಗೂ ಬರಲಿಲ್ಲ ಎಂಬುದೂ ಅಷ್ಟೇ ನಿಜ.

ಭೌತಶಾಸ್ತ್ರಕ್ಕೆ ಸಾಲದೆಂದ ಗಣಿತದ ಪದವಿ ವಿದ್ಯುತ್ ವಿಭಾಗಕ್ಕೆ ಸಾಕಾದದ್ದು ಏಕೆ ಎಂಬ ಪ್ರಶ್ನೆಯನ್ನು ಹಿಂದಿನವರು ಎತ್ತಲೇ ಇಲ್ಲ. ಉತ್ತರ ಆ ಕಾಲದಲ್ಲಿದೆ. ಯುದ್ಧದ ವರ್ಷಗಳು, ರೇಡಿಯೊ, ರೇಡಾರ್, ಸೆಂಟಿಮೀಟರ್ ಅಳತೆಯ ತರಂಗಗಳು. ಅಲ್ಲಿ ತಂತಿ ಜೋಡಿಸಿ ಓಮ್ ನಿಯಮ ಹಾಕಿದರೆ ಕೆಲಸ ಸಾಗುವುದಿಲ್ಲ, ವಿದ್ಯುತ್ಕಾಂತ ತರಂಗಗಳನ್ನು ವಿವರಿಸುವ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನೇ ಬಿಡಿಸಬೇಕು. ಸೆಂಟ್ರಲ್ ಕಾಲೇಜಿನ ಗಣಿತ ರಾಜೇಶ್ವರಿಯವರಿಗೆ ಆ ಹೊಲದ ನೇಗಿಲಾಯಿತು.

ಅವರು ಬಹುಕಾಲ ದುಡಿದ ಒಂದು ವಿಷಯವನ್ನೇ ಹತ್ತಿರದಿಂದ ನೋಡೋಣ: ಡೈಎಲೆಕ್ಟ್ರಿಕ್ ದಂಡದ ಆಂಟೆನಾ. ವಿದ್ಯುತ್ ಹರಿಯದ ವಸ್ತುವಿನ ಒಂದು ಉರುಟು ದಂಡ. ಅದರ ಬುಡಕ್ಕೆ ಲೋಹದ ಕೊಳವೆಯಿಂದ ಮೈಕ್ರೋವೇವ್ ಬಿಡುತ್ತಾರೆ. ತರಂಗದ ಒಂದು ಪಾಲು ದಂಡದೊಳಗೆ ಸಾಗಿದರೆ ಇನ್ನೊಂದು ಪಾಲು ಹೊರಗೆ ಅದರ ಮೈಗೆ ಅಂಟಿಕೊಂಡೇ ಸಾಗುತ್ತದೆ. ಒಳಗಿನ ಕ್ಷೇತ್ರವನ್ನು ಬೆಸೆಲ್ ಫಂಕ್ಷನ್ ಎಂಬ ಗಣಿತದ ಫಲನಗಳಲ್ಲಿ ಬರೆಯಬೇಕು. ಹೊರಗಿನದನ್ನು, ದೂರ ಸರಿದಂತೆ ಬೇಗನೆ ಕುಗ್ಗುವ ಇನ್ನೊಂದು ಬಗೆಯ ಬೆಸೆಲ್ ಫಂಕ್ಷನ್‌ಗಳಲ್ಲಿ. ದಂಡದ ಮೈಮೇಲೆ ಎರಡೂ ತಾಳೆಯಾಗಬೇಕು. ಆ ತಾಳೆಯಿಂದ ಒಂದು ಸಮೀಕರಣ ಹುಟ್ಟುತ್ತದೆ. ಅದಕ್ಕೆ ಸರಳ ಸೂತ್ರವಿಲ್ಲ, ಅಂಕಿಗಳನ್ನು ಇಟ್ಟು ಇಟ್ಟು ಬಿಡಿಸಬೇಕು. ಉತ್ತರ ಸಿಕ್ಕಿದರೆ ತರಂಗದ ವೇಗ ತಿಳಿಯುತ್ತದೆ. ವೇಗದಿಂದ, ದಂಡದ ತುದಿಯ ಕಡೆಗೆ ಹೊಮ್ಮುವ ಕಿರಣ ಎಷ್ಟು ಚೂಪು ಎಂಬುದು. ವಿಮಾನಕ್ಕೆ, ಉಪಗ್ರಹಕ್ಕೆ ಹೊಂದುವ ವಿಶೇಷ ಆಂಟೆನಾಗಳ ವಿನ್ಯಾಸ ಶುರುವಾಗುವುದು ಇಂಥ ಲೆಕ್ಕದಿಂದ. ಇದನ್ನು ಮಾಡಿದವರನ್ನು ಎಂಜಿನಿಯರ್ ಎನ್ನಿ, ಬೇಡವೆನ್ನುವುದಿಲ್ಲ. ಆದರೆ ಅದರ ಅಡಿಪಾಯದಲ್ಲಿರುವ ಗಣಿತಜ್ಞೆಯನ್ನು ಮರೆಯಬೇಡಿ.

ಈ ಮಾತಿಗೆ ಅಮೆರಿಕದ ಕ್ಯಾಥರೀನ್ ಜಾನ್ಸನ್ ಅವರ ಚರಿತ್ರೆ ಒಳ್ಳೆಯ ಪಾಠ. ಆಫ್ರಿಕನ್ ಅಮೆರಿಕನ್ ಕುಟುಂಬದ ಈ ಗಣಿತಜ್ಞೆ ಲ್ಯಾಂಗ್ಲಿಯ ಸಂಶೋಧನಾ ಕೇಂದ್ರಕ್ಕೆ ಸೇರಿದ್ದು 1953ರಲ್ಲಿ, ಕಪ್ಪು ಮಹಿಳೆಯರನ್ನು ಬೇರೆಯಾಗಿ ಕೂರಿಸಿದ್ದ ಲೆಕ್ಕದ ವಿಭಾಗಕ್ಕೆ. ಗಗನಯಾತ್ರಿ ಜಾನ್ ಗ್ಲೆನ್ 1962ರ ಫೆಬ್ರವರಿಯಲ್ಲಿ ಭೂಮಿಯನ್ನು ಸುತ್ತುವ ಮುನ್ನ ಕಂಪ್ಯೂಟರ್ ಕೊಟ್ಟ ಅಂಕಿಗಳನ್ನು ಜಾನ್ಸನ್ ಅವರಿಂದ ಪರೀಕ್ಷೆ ಮಾಡಿಸಿದ್ದು ಈಗ ಎಲ್ಲರಿಗೂ ಗೊತ್ತು. ಅವರ ಕುರಿತ ಸಿನಿಮಾ ಅದನ್ನು ಹಾರಾಟಕ್ಕೆ ಮುಂಚಿನ ಕೊನೆಯ ನಿಮಿಷಗಳಿಗೆ ತಂದು ನಿಲ್ಲಿಸಿತು. ನಿಜವಾಗಿ ಆ ಲೆಕ್ಕಕ್ಕೆ ಒಂದೂವರೆ ದಿನ ಹಿಡಿದಿತ್ತು. ನನ್ನ ಮಟ್ಟಿಗೆ ಜಾನ್ಸನ್ ಅವರ ಸ್ಥಾನಕ್ಕೆ ಆಧಾರ ಗ್ಲೆನ್ ಪ್ರಸಂಗವಲ್ಲ, 1960ರ ಸೆಪ್ಟೆಂಬರ್‌ನಲ್ಲಿ ಸ್ಕೋಪಿನ್‌ಸ್ಕಿ ಅವರೊಡನೆ ಬರೆದ ನಾಸಾ ವರದಿ. ಉಪಗ್ರಹ ಭೂಮಿಯ ಗೊತ್ತಾದ ಜಾಗದ ಮೇಲೆ ಬರಬೇಕಾದರೆ, ರಾಕೆಟ್ ಉರಿದು ಮುಗಿಯುವ ಹೊತ್ತಿಗೆ ಯಾವ ದಿಕ್ಕಿಗೆ ಮುಖ ಮಾಡಿರಬೇಕು ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ಅವರ ವಿಭಾಗದಲ್ಲಿ ಹೆಣ್ಣೊಬ್ಬರ ಹೆಸರು ಹೊತ್ತ ಮೊದಲ ವರದಿ ಅದು. ರಾಜೇಶ್ವರಿಯವರನ್ನೂ ಅವರ ಪ್ರಬಂಧಗಳಿಂದಲೇ ಅಳೆಯಬೇಕು. ‘ಭಾರತದ ಜಾನ್ಸನ್’ ಎಂಬ ಹಣೆಪಟ್ಟಿ ಇಬ್ಬರಿಗೂ ಬೇಡ.

ಅದೇ 1953ರಲ್ಲಿ ರಾಜೇಶ್ವರಿಯವರು, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಗೌಲ್ಡ್ ಡೌ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮುಗಿಸಿ, ಬೆಂಗಳೂರಿನ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು, ವಿಭಾಗದ ಮುಖ್ಯಸ್ಥೆಯಾದರು, 20 ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿ 1982ರಲ್ಲಿ ನಿವೃತ್ತರಾದರು. ನೂರಕ್ಕೂ ಹೆಚ್ಚು ಪ್ರಬಂಧಗಳಿವೆ. ‘ಎ ಥೌಸಂಡ್ ಸ್ಟ್ರೀಮ್ಸ್’ ಎಂಬ ಆತ್ಮಕಥನವೂ ಇದೆ. ಅದನ್ನು ಓದದೆ ಅವರ ಬಗ್ಗೆ ಬರೆಯುವ ಧೈರ್ಯ ಎಲ್ಲಿಂದ ಬರುತ್ತದೆಂದು ನನಗೆ ಅರ್ಥವಾಗುವುದಿಲ್ಲ.

ನೇಸರಿ, ಗಡಹಿಂಗ್ಲಜ ಭಾಗದ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೆ. ಫೆಬ್ರವರಿ 28ರ ವಿಜ್ಞಾನ ದಿನದಂದು ರಾಮನ್ ಭಾವಚಿತ್ರಕ್ಕೆ ಹಾರ ಹಾಕುವಾಗ ಕಮಲಾ ಸೋಹೋನಿಯವರ ಹೋರಾಟವನ್ನು ಮಕ್ಕಳಿಗೆ ಖಂಡಿತ ಹೇಳಿ. ರಾಜೇಶ್ವರಿಯವರ ಸರದಿ ಬಂದಾಗ ಅದೇ ಕಥೆಯನ್ನು ಹೆಸರು ಬದಲಿಸಿ ಹೇಳಬೇಡಿ. ಅವರು ಗಣಿತದಲ್ಲಿ ರ‍್ಯಾಂಕ್ ಪಡೆದವರು ಎಂಬಲ್ಲಿಂದ ಶುರುಮಾಡಿ.