ಮಾಗಿಯ ಹೊಗೆಯ ಗುರುತು

ಮಾಗಿಯ ಮುಂಜಾವದಲ್ಲಿ ಬಚ್ಚಲಿನ ಹಂಡೆಯೊಲೆಗೆ ತೆಂಗಿನ ಗರಿಯನ್ನೂ ಅರೆಹಸಿ ಸೌದೆಯನ್ನೂ ಒಡ್ಡಿ ಉರಿ ಹೊತ್ತಿಸಿದಾಗ, ಹೊಗೆಯು ಮೇಲೇರಲಾರದೆ ಹೆಂಚಿನ ಸೂರಿನ ಮಟ್ಟದಲ್ಲಿಯೇ ಹಾಸಿಕೊಂಡು ನಿಲ್ಲುವುದನ್ನು ನಮ್ಮ ಹಳ್ಳಿಗಳಲ್ಲಿ ಕಾಣದವರು ವಿರಳ. ಇರುಳಿನಲ್ಲಿ ನೆಲ ತಣಿದು ಅದನ್ನಂಟಿದ ಗಾಳಿ ಭಾರವಾಗುವುದರಿಂದಲೂ, ಅದರ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕವಿಯುವುದರಿಂದಲೂ ಹೀಗಾಗುತ್ತದೆ. ಇದೇ ಸಂಗತಿ ಗಂಗೆಯ ಬಯಲಿನಲ್ಲಿ ಕೋಟಿಗಟ್ಟಲೆ ಒಲೆಗಳಿಂದಲೂ ಮೈಕಾಯಿಸುವ ಬೆಂಕಿಗಳಿಂದಲೂ ಒಂದೇ ಇರುಳು ಒದಗಿದರೆ ದಿಲ್ಲಿಯ ಉಸಿರಿಗೆ ಏನಾಗುವುದೆಂಬುದನ್ನು ವಿಜ್ಞಾನವು ಅರಿಯಲು ನಾಲ್ಕು ದಶಕಗಳು ಹಿಡಿದವು.

1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದು ಸಾವಿರಾರು ಜನರನ್ನು ಬಲಿತೆಗೆದುಕೊಂಡ ಹೊಗೆ ಕಲ್ಲಿದ್ದಲಿನದಾಗಿದ್ದುದರಿಂದ, ವಾಯುಮಾಲಿನ್ಯವೆಂದರೆ ಯಂತ್ರಯುಗದ ಪಾಪವೆಂಬ ಭಾವನೆ ಬೇರೂರಿತು. ಅನಾದಿಯಿಂದ ಮನೆಯೊಳಗೇ ಇದ್ದ ಸೌದೆಯ ಹೊಗೆಯನ್ನು ಶಂಕಿಸಿದವರು ಕಡಿಮೆ. 1983ರಲ್ಲಿ ಕಿರ್ಕ್ ಸ್ಮಿತ್ ಮತ್ತು ಸಂಗಡಿಗರು, ಒಲೆಯ ಮುಂದೆ ಕುಳಿತ ಗುಜರಾತಿನ ಹಳ್ಳಿಯ ಹೆಂಗಸರು ಒಳಗೆಳೆದುಕೊಳ್ಳುವ ಹೊಗೆಯನ್ನು ಅಳೆದು ತೋರಿಸಿದುದು ಕಣ್ದೆರೆಸಿದ ಕಾರ್ಯ. ಅದೇ ವರ್ಷ ಆಂಡ್ರಿಯೇ ಎಂಬ ವಿಜ್ಞಾನಿ ಸೂಕ್ಷ್ಮಕಣಗಳಲ್ಲಿನ ಹೆಚ್ಚುವರಿ ಪೊಟ್ಯಾಸಿಯಂ ಸಸ್ಯದಹನದ ಸಾಕ್ಷಿಯೆಂದರು. ಆದರೆ ಮಣ್ಣಿನ ಧೂಳಿನಲ್ಲಿಯೂ ಪೊಟ್ಯಾಸಿಯಂ ಇರುವುದರಿಂದ ಆ ಸಾಕ್ಷಿ ಸಂದಿಗ್ಧವಾಗಿಯೇ ಉಳಿಯಿತು.

ಸಂದೇಹವನ್ನು ನೀಗಿದ್ದು ಒಂದು ಬಗೆಯ ಸಕ್ಕರೆ. ಮರದ ನಾರಿಗೆ ಆಧಾರವಾದ ಸೆಲ್ಯುಲೋಸ್ 300 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಾಗ ಒಡೆದು ಲೆವೊಗ್ಲುಕೋಸಾನ್ ಎಂಬ ಶರ್ಕರವಾಗುತ್ತದೆ. ಪೆಟ್ರೋಲು ಡೀಸೆಲುಗಳ ಹೊಗೆಯಲ್ಲಿ ಇದಿಲ್ಲ. 1999ರಲ್ಲಿ ಸಿಮೊನೈಟ್ ಮತ್ತು ಸಂಗಡಿಗರು ಇದನ್ನು ಗುರುತಾಗಿ ಮುಂದಿಟ್ಟ ಮೇಲೆ, ಸೋಸುಹಾಳೆಯಲ್ಲಿ ಹಿಡಿದ ಮಸಿಯಲ್ಲಿ ಸೌದೆಯ ಪಾಲನ್ನು ಅಂದಾಜು ಮಾಡುವುದು ಸಾಧ್ಯವಾಯಿತು. ಕಾರ್ಬನ್-14 ಇದಕ್ಕೆ ಒತ್ತಾಸೆಯಾಯಿತು. 5730 ವರ್ಷಗಳಿಗೊಮ್ಮೆ ಪ್ರಮಾಣದಲ್ಲಿ ಅರ್ಧವಾಗುವ ಈ ಪರಮಾಣು ಯುಗಾಂತರಗಳ ಕಲ್ಲಿದ್ದಲು, ತೈಲಗಳಲ್ಲಿ ಉಳಿದಿರುವುದಿಲ್ಲ, ನಿನ್ನೆ ಕಡಿದ ಮರದಲ್ಲಿರುತ್ತದೆ. ಪುಣೆಯ ಬಳಿಯ ಸಿಂಹಗಡದಲ್ಲಿಯೂ ಮಾಲ್ಡೀವ್ಸಿನ ಹನಿಮಾಧೂವಿನಲ್ಲಿಯೂ ಚಳಿಗಾಲದ ಗಾಳಿಯನ್ನು ಈ ವಿಧಾನದಿಂದ ಪರೀಕ್ಷಿಸಿದ ಗುಸ್ತಾಫ್‌ಸನ್ನರ ತಂಡ, ದಕ್ಷಿಣ ಏಷ್ಯದ ಮೇಲೆ ಕವಿಯುವ ಕಂದು ಹೊಗೆಮೋಡದ ಇಂಗಾಲಕಣಗಳಲ್ಲಿ ಮೂರರಲ್ಲಿ ಎರಡು ಪಾಲು ಜೈವಿಕದಹನದ್ದೆಂದು 2009ರಲ್ಲಿ ಪ್ರಕಟಿಸಿತು.

ಅಷ್ಟರಲ್ಲಿ ಕಣಗಳನ್ನು ಹಾರುತ್ತಿರುವಾಗಲೇ ಹಿಡಿದು ತೂಗುವ ಮಾಸ್ ಸ್ಪೆಕ್ಟ್ರೋಮೀಟರುಗಳು ಬಂದಿದ್ದವು. ಅವುಗಳ ಲೇಖದಲ್ಲಿ ಆ ಸಕ್ಕರೆಯ ಚೂರು ತೂಕದ 60ರ ಅಂಕೆಯ ಮೇಲೆ ಎದ್ದು ಕಾಣುತ್ತದೆ. ಆದರೆ ಹೊಗೆಯು ಹುಟ್ಟಿದ ರೂಪದಲ್ಲಿಯೇ ಉಳಿಯುವುದಿಲ್ಲ. ಅದರ ಒಂದು ಭಾಗ ಆವಿಯಾಗಿ ಹರಡಿ, ಉತ್ಕರ್ಷಣಗೊಂಡು ಮತ್ತೆ ಕಣವಾಗಿ ಘನಿಸುತ್ತದೆಂದು 2007ರಲ್ಲಿ ರಾಬಿನ್ಸನ್ನರ ತಂಡ ತೋರಿಸಿತು. ಇದಕ್ಕೆ ಬಿಸಿಲು ಬೇಕೆಂದೇ ಬಹುಮಟ್ಟಿಗೆ ನಂಬಲಾಗಿತ್ತು. ನೈಟ್ರೇಟ್ ರ‍್ಯಾಡಿಕಲ್ಲುಗಳೆಂಬ ಚುರುಕು ಅಣುಗಳ ಸಹಾಯದಿಂದ ಕತ್ತಲಲ್ಲಿಯೂ ಇದು ಕೆಲವೇ ಗಂಟೆಗಳಲ್ಲಿ ನಡೆಯುವುದೆಂದು 2020ರ ಪ್ರಯೋಗಗಳಿಂದ ತಿಳಿಯಿತು. 2023ರಲ್ಲಿ ಕಾನ್ಪುರದ ಐಐಟಿ ಮತ್ತು ಸಹಸಂಸ್ಥೆಗಳ ವಿಜ್ಞಾನಿಗಳು, ದಿಲ್ಲಿಯ ಚಳಿಗಾಲದ ರಾತ್ರಿಗಳಲ್ಲಿ ಅತಿಸೂಕ್ಷ್ಮ ಕಣಗಳು ಶೀಘ್ರವಾಗಿ ದಪ್ಪವಾಗುವುದಕ್ಕೆ ಬೆಂಕಿಗಳಿಂದೆದ್ದ ಸಾವಯವ ಆವಿಗಳೇ ಕಾರಣವೆಂದು ಕಂಡುಕೊಂಡರು. ಬೆಳಗಾಗುವಷ್ಟರಲ್ಲಿ ಹೊಗೆಯು ತನ್ನ ಜನ್ಮದ ಗುರುತನ್ನು ಎಷ್ಟೋ ಕಳೆದುಕೊಂಡಿರುವುದರಿಂದ, ಗುರುತನ್ನಷ್ಟೇ ಎಣಿಸಿ ಮಾಡಿದ ಲೆಕ್ಕವು ಬಡವನ ಬೆಂಕಿಯ ಪಾಲನ್ನು ಕಿರಿದಾಗಿ ತೋರುವುದೆಂಬುದೇ ಈ ಕ್ಷೇತ್ರದ ಅತಿ ಮುಖ್ಯವಾದ ಅರಿವೆಂದು ನಾನು ತಿಳಿದಿದ್ದೇನೆ.

ದಿಲ್ಲಿಯ ಹೊಗೆಯ ಮಾತು ಬಂದೊಡನೆ ಪಂಜಾಬಿನಲ್ಲಿ ಭತ್ತದ ಕೂಳೆ ಸುಡುವುದನ್ನು ದೂರುವುದು ವಾಡಿಕೆಯಾಗಿದೆ. ಆ ಬೆಂಕಿ ಅಕ್ಟೋಬರ್, ನವೆಂಬರುಗಳದು; ಡಿಸೆಂಬರ್, ಜನವರಿಗಳಲ್ಲಿ ಉರಿಯುವುದು ಸೌದೆ, ಬೆರಣಿ, ಕಸ. ಬೇರೆ ದಾರಿಯಿಲ್ಲದಾಗ ಎಲ್ಲಿಯವರೂ ಸೌದೆಗೇ ಮೊರೆಹೋಗುತ್ತಾರೆ: ಗ್ರೀಸಿನಲ್ಲಿ ಆರ್ಥಿಕ ಮುಗ್ಗಟ್ಟು ಬಂದು ಮನೆ ಬೆಚ್ಚಗಿಡುವ ಎಣ್ಣೆ ದುಬಾರಿಯಾದಾಗ ಥೆಸಲೊನೀಕಿಯ ಜನ ಸೌದೆ ಉರಿಸತೊಡಗಿ, 2013ರ ಚಳಿಗಾಲದಲ್ಲಿ ಅಲ್ಲಿನ ಸೂಕ್ಷ್ಮಕಣಗಳು ಸುಮಾರು ಶೇಕಡ 30ರಷ್ಟು ಏರಿದುವು. ದೋಷ ಚಳಿಯಲ್ಲಿ ನಡುಗುವವನದಲ್ಲ.

ದಿಲ್ಲಿಯ ಚಳಿಗಾಲದ ಮಾಲಿನ್ಯ ನಿಯಂತ್ರಣ ಯೋಜನೆಯಲ್ಲಿ, ರಾತ್ರಿಯ ಕಾವಲುಗಾರರು ಬೆಂಕಿ ಹಾಕದಂತೆ ಅವರಿಗೆ ವಿದ್ಯುತ್ ಹೀಟರುಗಳನ್ನು ಬಡಾವಣೆಯ ಸಂಘಗಳೇ ಒದಗಿಸಬೇಕೆಂಬ ಸೂಚನೆಯಿದೆ. ಬೆಂಗಳೂರಿನಲ್ಲಿಯೂ ಡಿಸೆಂಬರಿನ ಇರುಳು ಒಣಎಲೆ, ರಟ್ಟುಗಳನ್ನು ಉರಿಸಿ ಕೈಕಾಯಿಸಿಕೊಳ್ಳುವ ಕಾವಲುಗಾರರು ನಮ್ಮ ಗೇಟುಗಳ ಮುಂದೆಯೇ ಇದ್ದಾರೆ. ಅವರಿಗೆ ಈ ಚಳಿಗಾಲದಲ್ಲಿಯೇ ಅಂಥದೊಂದು ಅನುಕೂಲವನ್ನು ಮಾಡಿಕೊಡಿರೆಂದು ಓದುಗರನ್ನು ಬೇಡುತ್ತೇನೆ.