ನಗೆ ಧಾರಾವಾಹಿಗಳಲ್ಲಿ ನಮ್ಮ ಸಂಸಾರ



ನಿಮ್ಮ ಮನೆಗೆ ಟಿ.ವಿ. ಬಂದ ದಿನ ನಿಮಗೆ ನೆನಪಿದೆಯೇ? ನಮ್ಮ ಭಾಗಕ್ಕೆ ಅದು ತಡವಾಗಿಯೇ ಬಂತು. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ 'ಸೈಟ್' ಪ್ರಯೋಗ ನಡೆದಾಗ, ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳು ಆಯ್ಕೆಯಾಗಿದ್ದವು. ತುಂಗಭದ್ರೆಯ ಆ ದಡಕ್ಕೆ ಬಂದ ಟಿ.ವಿ. ಈ ದಡದ ಸಿರುಗುಪ್ಪಕ್ಕೆ ಬರಲಿಲ್ಲ. ಸಿರುಗುಪ್ಪದ ನಮ್ಮ ನಾನಿಯ ಮನೆಗೆ ಅದು ಬಂದದ್ದು ಎಂಬತ್ತರ ದಶಕದ ಕೊನೆಗೆ. ಆಗ ನಾನಿನ್ನೂ ಹುಟ್ಟಿರಲಿಲ್ಲ.

ಆಗ ಇದ್ದದ್ದು ದೂರದರ್ಶನವೊಂದೇ. 1984ರಲ್ಲಿ ಶರದ್ ಜೋಶಿಯವರು ಬರೆದ 'ಯೇ ಜೋ ಹೈ ಜಿಂದಗಿ' ದೇಶವನ್ನು ನಗಿಸಿತು. ಗಂಡ, ಹೆಂಡತಿ, ಜೊತೆಗಿರುವ ಹೆಂಡತಿಯ ತಮ್ಮ, ಇಷ್ಟೇ ಸಂಸಾರ. ಕಂತಿಗೊಂದು ಹೊಸ ವೇಷದಲ್ಲಿ ಸತೀಶ್ ಶಾ ಬಂದು ಮನೆಯ ನೆಮ್ಮದಿ ಕೆಡಿಸುತ್ತಿದ್ದರು. 1988ರಲ್ಲಿ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರ ಪಾತ್ರಗಳನ್ನು ಆಧರಿಸಿದ 'ವಾಗ್ಲೆ ಕಿ ದುನಿಯಾ' ಬಂತು. ಸಂಬಳ ಸಾಲದ ಗುಮಾಸ್ತ, ಅವನನ್ನು ಸಹಿಸಿಕೊಂಡು ಹೋಗುವ ಹೆಂಡತಿ. ತೊಂದರೆಯೆಲ್ಲ ಹೊರಗಿನಿಂದ ಬರುತ್ತಿತ್ತು. ಮನೆ ಮಂದಿ ಒಂದಾಗಿ ಅದನ್ನು ಎದುರಿಸುತ್ತಿದ್ದರು. ನೆರೆಮನೆಯ ಹೆಂಗಸರಿಗೆ ಹಿಂದಿ ಬರುತ್ತಿರಲಿಲ್ಲ. ನಾನಿ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರಂತೆ. ಹೀಗಾಗಿ ಒಂದೇ ಮಾತಿಗೆ ಆ ಪಡಸಾಲೆಯಲ್ಲಿ ಎರಡು ಸಲ ನಗು!

ಕನ್ನಡದಲ್ಲಿ ಅದೇ ದಶಕದ 'ಸಿಹಿ ಕಹಿ' ಎಷ್ಟು ಜನಪ್ರಿಯವಾಯಿತೆಂದರೆ, ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಅವರ ಹೆಸರಿಗೆ ಆ ಹೆಸರು ಅಂಟಿಯೇಬಿಟ್ಟಿತು. ಮುಂದೆ ಅವರು ನಿಜ ಜೀವನದಲ್ಲೂ ದಂಪತಿಗಳಾದರು.

ನಾನು ಕಣ್ಣಾರೆ ಕಂಡದ್ದು ಇದರ ನಂತರದ ಕಾಲ. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಆರಂಭವಾಯಿತು. ಅದೇ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ಬಂತು. ಹೆಂಡತಿಗೆ ಹೆದರಿ ನಡುಗುವ ಗಂಡನ ಕಥೆ. ಬಳ್ಳಾರಿಯ ನಮ್ಮ ಮನೆಯಲ್ಲಿ ಅದನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನಮ್ಮ ಅಮ್ಮಿ. ಅಬ್ಬಾನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳದ, ಅಬ್ಬಾ ಊಟ ಮಾಡುವ ಮೊದಲು ತಟ್ಟೆ ಮುಟ್ಟದ ಅಮ್ಮಿ! ಅಬ್ಬಾನೂ ನಗುತ್ತಿದ್ದರು. ನಿಜ ಜೀವನದಲ್ಲಿ ಹೀಗಾಗುವುದಿಲ್ಲವೆಂಬ ಭರವಸೆ ಇದ್ದುದರಿಂದಲೇ ಇಬ್ಬರೂ ನಕ್ಕರೆಂದು ಈಗ ನನಗೆ ಅನ್ನಿಸುತ್ತದೆ.

ನಂತರ ಬಂದ 'ಸಿಲ್ಲಿ ಲಲ್ಲಿ'ಯನ್ನು ನಾವು ಒಂದು ಕಂತೂ ಬಿಟ್ಟವರಲ್ಲ. ಡಾಕ್ಟರ್ ವಿಠಲರಾಯರ ಮನೆಯಲ್ಲಿ ಸಮಾಜ ಸೇವಕಿ ಲಲಿತಾಂಬ ಇದ್ದರಲ್ಲ, ಹೆಂಗಸೊಬ್ಬಳು ಮನೆ ಬಿಟ್ಟು ಸಮಾಜ ಸೇವೆಗೆ ಹೊರಟದ್ದೇ ಅಲ್ಲಿ ದೊಡ್ಡ ಜೋಕು. ಸ್ವಲ್ಪ ಯೋಚಿಸಿ. 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಸಿಕ್ಕಿ ಆಗಲೇ ಎಷ್ಟೋ ವರ್ಷಗಳಾಗಿದ್ದವು. 2010ರಲ್ಲಿ ಅದು ಶೇ. 50 ಆಯಿತು. ಅಂದರೆ ನಮ್ಮ ತಾಲ್ಲೂಕುಗಳ ಪಂಚಾಯಿತಿ ಕಟ್ಟೆಯಲ್ಲಿ ಹೆಂಗಸರು ಕುರ್ಚಿ ಹಾಕಿಕೊಂಡು ಕೂತ ಮೇಲೂ ಪರದೆಯ ಮೇಲೆ ಅದು ನಗುವ ವಿಷಯವಾಗಿಯೇ ಉಳಿದಿತ್ತು. ಧಾರಾವಾಹಿ ಸಮಾಜದ ಕನ್ನಡಿ ಎನ್ನುತ್ತಾರೆ. ನನಗೇನೋ ಅದು ಹಿಂದೆ ಉಳಿದ ಗಡಿಯಾರದಂತೆ ಕಾಣುತ್ತದೆ.

ಇನ್ನೊಂದು ಮಾತು. ನಾನು ನೋಡಿದ ಈ ಮನೆಗಳಲ್ಲೆಲ್ಲ ಬೆಂಗಳೂರು ಕನ್ನಡ. ನಮ್ಮ ಕಡೆಯ ಮಾತು, ದಖನಿ ಬೆರೆತ ಕನ್ನಡ ಬಂದರೆ ಬಾಗಿಲ ಹೊರಗೆ ನಿಂತು ನಗಿಸಿ ಹೋಗಲಷ್ಟೇ.

ವಾಗ್ಲೆ ಸಂಸಾರ 2021ರಲ್ಲಿ ಸೋನಿ ಸಬ್ ವಾಹಿನಿಯಲ್ಲಿ ಮರಳಿ ಬಂತು. ಅಂಜನ್ ಶ್ರೀವಾಸ್ತವ, ಭಾರತಿ ಆಚ್ರೇಕರ್ ಅವರೇ, ಆದರೆ ಈಗ ಅಜ್ಜ-ಅಜ್ಜಿ. ಯಜಮಾನಿಕೆ ಮಗನದು. ಅವನನ್ನು ಮಕ್ಕಳೇ ಪ್ರಶ್ನಿಸುತ್ತಾರೆ. ಇದನ್ನು ಅಬ್ಬಾ ಟಿ.ವಿ.ಯಲ್ಲಿ ನೋಡಿದರೆ, ಪಕ್ಕದಲ್ಲೇ ಕೂತ ನನ್ನ ತಮ್ಮ ಮೊಬೈಲಿನಲ್ಲಿ ಬೇರೇನೋ ನೋಡಿ ನಗುತ್ತಿರುತ್ತಾನೆ.

ಕಳೆದ ವರ್ಷ ಕುರುಗೋಡಿನ ನಮ್ಮ ತರಗತಿಯಲ್ಲಿ, ನಿಮ್ಮ ಮನೆಯ ಮೇಲೊಂದು ಚಿಕ್ಕ ನಗೆ ಪ್ರಸಂಗ ಬರೆಯಿರಿ ಎಂದಿದ್ದೆ. ಹುಡುಗಿಯೊಬ್ಬಳು ಓದಿದಳು: ತಾಯಿ ಸಂಘದ ಸಭೆಗೆ ಹೋಗಿದ್ದಾಳೆ, ಮನೆಗೆ ನೆಂಟರು ಬಂದಿದ್ದಾರೆ, ತಂದೆ ಚಹಾ ಮಾಡಿ ತರುತ್ತಾರೆ. ತರಗತಿಯೆಲ್ಲ ಗೊಳ್ಳೆಂದಿತು. ಹುಡುಗಿ ಓದುವುದನ್ನು ನಿಲ್ಲಿಸಿ, "ಟೀಚರ್, ಜೋಕು ಇನ್ನೂ ಮುಂದೈತ್ರಿ. ನಮ್ಮ ಮನಿಯಾಗ ಚಾ ದಿನಾ ನಮ್ಮಪ್ಪನ ಮಾಡ್ತಾನ" ಎಂದಳು.